ಚಂದಾದಾರರ ಪಟ್ಟಿ

ಓದುಗರಿಂದ ಮುಂಗಡ ಹಣ ಪಡೆದು ಕಾದಂಬರಿ ಅಚ್ಚು ಹಾಕಿಸುವುದು ಹೊಸ ಪದ್ಧತಿಯೆಂದು ಹಲವರ ಭಾವನೆ. ಹದಿನೆಂಟನೆಯ ಶತಮಾನದ ಇಂಗ್ಲೆಂಡಿನಲ್ಲಿಯೇ ಅದು ರೂಢಿಯಲ್ಲಿತ್ತು.

ಫ್ಯಾನಿ ಬರ್ನಿ 1778ರಲ್ಲಿ ಪ್ರಕಟವಾದ ತನ್ನ ಮೊದಲ ಕಾದಂಬರಿ ‘ಇವಲೀನಾ’ದ ಹಕ್ಕನ್ನು ಕೇವಲ 20 ಗಿನಿಗೆ ಮಾರಿದ್ದಳು. ಕೀರ್ತಿ ಅವಳದಾಯಿತು, ಲಾಭ ಪ್ರಕಾಶಕನದು. ಮುಂದೆ ಆಸ್ತಿ ಕಳೆದುಕೊಂಡಿದ್ದ ಫ್ರೆಂಚ್ ಸೇನಾನಿಯೊಬ್ಬನನ್ನು ವರಿಸಿ, ಸಂಸಾರದ ಹೊಣೆ ಬಿದ್ದಾಗ, ‘ಕಮಿಲ್ಲಾ’ ಕಾದಂಬರಿಗೆ ಚಂದಾದಾರರನ್ನು ಕೋರಿದಳು. ಐದು ಸಂಪುಟಗಳಿಗೆ ಒಂದು ಗಿನಿ. ಪರಿಚಯದ ಮಹಿಳೆಯರೇ ಪಟ್ಟಿ ಹಿಡಿದು ಹೆಸರು ಕೂಡಿಸಿದರು. 1796ರಲ್ಲಿ ಗ್ರಂಥ ಹೊರಬಂದಾಗ ಸಾವಿರಕ್ಕೂ ಮಿಕ್ಕಿದ ಹೆಸರುಗಳು ಅದರಲ್ಲಿ ಅಚ್ಚಾಗಿದ್ದವು. ಅದರ ಗಳಿಕೆಯಿಂದ ಆಕೆ ಮನೆಯೊಂದನ್ನು ಕಟ್ಟಿಸಿದಳು.

ಆ ಪಟ್ಟಿಯಲ್ಲಿ ಸ್ಟೀವೆಂಟನ್ ಗ್ರಾಮದ, ಇಪ್ಪತ್ತರ ಹರೆಯದ ಜೇನ್ ಆಸ್ಟೆನ್ ಹೆಸರೂ ಇದೆ. ಆಕೆಯ ಒಂದು ಕಾದಂಬರಿಯೂ ಆಗ ಪ್ರಕಟವಾಗಿರಲಿಲ್ಲ.

ನಮ್ಮ ಕಾಲದಲ್ಲಿ, 2011ರಿಂದ, ಲಂಡನ್ನಿನ ‘ಅನ್‌ಬೌಂಡ್’ ಸಂಸ್ಥೆ ಇದೇ ಕ್ರಮವನ್ನು ಅನುಸರಿಸಿತು. ಅದು ಪ್ರಕಟಿಸಿದ ಪಾಲ್ ಕಿಂಗ್ಸ್‌ನಾರ್ತರ ‘ದಿ ವೇಕ್’ 2014ರ ಬುಕರ್ ಪ್ರಶಸ್ತಿಯ ಮೊದಲ ಪಟ್ಟಿಗೂ ಏರಿತು. ಆದರೆ 2025ರಲ್ಲಿ ಸಂಸ್ಥೆ ದಿವಾಳಿಯಾದಾಗ ಅನೇಕ ಲೇಖಕರಿಗೆ ಸಲ್ಲಬೇಕಾದ ಹಣ ಬಾಕಿ ಉಳಿದಿತ್ತು.

ಇನ್ನೂ ಕಾಣದ ಪುಸ್ತಕಕ್ಕೆ ಓದುಗ ಹಣದೊಡನೆ ವಿಶ್ವಾಸವನ್ನೂ ಒಪ್ಪಿಸುತ್ತಾನೆ. ಪಟ್ಟಿ ಯಾರ ಕೈಯಲ್ಲಿದೆಯೆಂಬುದನ್ನು ಲೇಖಕನೂ ಓದುಗನೂ ಮೊದಲೇ ವಿಚಾರಿಸಿಕೊಳ್ಳಬೇಕೆಂದು ನನ್ನ ನಂಬಿಕೆ.