ಮಹಿಳಾ ಕಾರಾಗೃಹದ ಮನೋವಿಜ್ಞಾನಿ
ಸೆರೆಯಲ್ಲಿರುವ ಸ್ತ್ರೀಯರ ಮಾನಸಿಕ ಸ್ಥಿತಿಯನ್ನು ಪರೀಕ್ಷಿಸಿ ಆಪ್ತಸಮಾಲೋಚನೆ ನೀಡುವ ವೃತ್ತಿನಿರತರು. ಸೆರೆಗೆ ಬಂದ ಮೊದಲ ದಿನಗಳಲ್ಲೇ ಆತ್ಮಹತ್ಯೆಯ ಅಪಾಯ ಗುರುತಿಸುವುದು, ಖಿನ್ನತೆ, ನಿದ್ರಾಹೀನತೆ, ಕೌಟುಂಬಿಕ ಹಿಂಸೆಯ ಆಘಾತಗಳಿಗೆ ಮಾತಿನ ಚಿಕಿತ್ಸೆ ನೀಡುವುದು, ಔಷಧ ಬೇಕಾದವರನ್ನು ಮನೋವೈದ್ಯರಲ್ಲಿಗೆ ಕಳುಹಿಸುವುದು ಮುಖ್ಯ ಹೊಣೆ. ಮಕ್ಕಳ ಅಗಲಿಕೆಯ ದುಃಖವನ್ನು ನಿಭಾಯಿಸುವುದು ಇದರ ಅತಿ ಕಠಿಣ ಭಾಗ: ಸುಪ್ರೀಂ ಕೋರ್ಟಿನ 2006ರ ತೀರ್ಪಿನಂತೆ ಮಗು ತಾಯಿಯೊಡನೆ ಸೆರೆಮನೆಯಲ್ಲಿ ಆರು ವರ್ಷ ತುಂಬುವವರೆಗೆ ಮಾತ್ರ ಇರಬಹುದು. ವಿಶ್ವಸಂಸ್ಥೆಯ ಬ್ಯಾಂಕಾಕ್ ನಿಯಮಗಳು (2010) ಮಹಿಳಾ ಕೈದಿಗಳಿಗೆ ಪ್ರತ್ಯೇಕ ಮಾನಸಿಕ ಆರೈಕೆಯನ್ನು ಸೂಚಿಸುತ್ತವೆ. ಭಾರತದ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ (2017) ಪ್ರತಿ ರಾಜ್ಯದ ಕನಿಷ್ಠ ಒಂದು ಸೆರೆಮನೆಯ ವೈದ್ಯಕೀಯ ವಿಭಾಗದಲ್ಲಿ ಮಾನಸಿಕ ಆರೋಗ್ಯ ಘಟಕವನ್ನು ಕಡ್ಡಾಯಗೊಳಿಸಿದೆ. ಬೆಂಗಳೂರಿನ ಕೇಂದ್ರ ಕಾರಾಗೃಹದ ಕೈದಿಗಳನ್ನು ಕುರಿತ ನಿಮ್ಹಾನ್ಸ್ ಅಧ್ಯಯನ (2011) ಈ ಕ್ಷೇತ್ರದ ಗಮನಾರ್ಹ ಭಾರತೀಯ ಆಕರ.