ಚಿಕ್ಕವ್ವ ಕೇಳಿದ್ದು

2009ರಲ್ಲಿ ಹುಲ್ಲಹಳ್ಳಿಯ ನಮ್ಮ ಚಿಕ್ಕವ್ವ ಸ್ತನ ಕ್ಯಾನ್ಸರಿನ ಶಸ್ತ್ರಚಿಕಿತ್ಸೆಯಾದ ಮೇಲೆ ಆರು ಸಲ ಮೈಸೂರಿಗೆ ಹೋಗಿ ಕೀಮೋ ಹಾಕಿಸಿಕೊಂಡು ಬಂದಳು. ಜೊತೆಗೆ ನಾನಿರುತ್ತಿದ್ದೆ. ಮೂರನೆಯ ಸಲ, ಬಸ್ಸು ನಂಜನಗೂಡಿನ ಸೇತುವೆ ದಾಟುವಾಗ, ಬೋಳಾದ ತಲೆಯ ಮೇಲೆ ಸೆರಗು ಎಳೆದುಕೊಂಡು ಕೇಳಿದಳು: "ಇದು ನಂಗೆ ಬೇಕೇ ಬೇಕಾ ಮಗ?" ನನ್ನ ಬಳಿ ಉತ್ತರವಿರಲಿಲ್ಲ.

ಆ ಪ್ರಶ್ನೆಗೆ ದೊಡ್ಡ ಚರಿತ್ರೆಯೇ ಇದೆ ಎಂದು ಆಮೇಲೆ ತಿಳಿಯಿತು. ಅಂಡಾಶಯ ತೆಗೆದರೆ ಸ್ತನದ ಗಡ್ಡೆ ಕುಗ್ಗಬಹುದೆಂದು 1896ರಲ್ಲಿ ಸ್ಕಾಟ್ಲೆಂಡಿನ ಜಾರ್ಜ್ ಬೀಟ್ಸನ್ ವರದಿ ಮಾಡಿದರು. ಆದರೆ ಎಲ್ಲರ ಗಡ್ಡೆಯೂ ಕುಗ್ಗುತ್ತಿರಲಿಲ್ಲ. ಏಕೆ? ಈಸ್ಟ್ರೊಜೆನ್ ಹಾರ್ಮೋನನ್ನು ಹಿಡಿದುಕೊಳ್ಳುವ ಒಂದು ಪ್ರೋಟೀನ್ ಕೆಲವು ಗಡ್ಡೆಗಳಲ್ಲಿದೆ, ಕೆಲವುಗಳಲ್ಲಿಲ್ಲ. ಅದನ್ನು ಕಂಡುಹಿಡಿದವರು ಅಮೆರಿಕದ ಎಲ್ವುಡ್ ಜೆನ್ಸನ್. 1976ರಲ್ಲಿ ಮಿಲಾನಿನ ಬೊನಾಡೊನ್ನಾ, ಶಸ್ತ್ರಚಿಕಿತ್ಸೆಯ ನಂತರ ಮೂರು ಔಷಧಗಳ ಕೀಮೋ ಕೊಟ್ಟರೆ ರೋಗ ಮರುಕಳಿಸುವುದು ತಗ್ಗುತ್ತದೆಂದು ತೋರಿಸಿದರು. ಎಷ್ಟೋ ಜೀವಗಳು ಉಳಿದವು. ಅಗತ್ಯವಿಲ್ಲದವರೂ ಆ ಸಂಕಟ ಉಂಡರು. 1987ರಲ್ಲಿ ಡೆನಿಸ್ ಸ್ಲೇಮನ್ ತಂಡ ಹರ್-2 ಜೀನ್ ಹೆಚ್ಚಿದ್ದರೆ ರೋಗ ಉಗ್ರವಾಗುವುದನ್ನು ತೋರಿಸಿತು. ಅದರ ಪ್ರೋಟೀನಿಗೇ ಗುರಿಯಿಟ್ಟ ಔಷಧಕ್ಕೆ 1998ರಲ್ಲಿ ಅಮೆರಿಕದಲ್ಲಿ ಅನುಮತಿ ಸಿಕ್ಕಿತು.

ಈ ಚರಿತ್ರೆಯ ಒಂದು ಅಧ್ಯಾಯ ನಮ್ಮ ಬೆಂಗಳೂರಿನದು. ಮಂಜಿರಿ ಬಕ್ರೆ 2011ರಲ್ಲಿ ಅಲ್ಲಿ ಆಂಕೋಸ್ಟೆಮ್ ಸಂಸ್ಥೆ ಆರಂಭಿಸಿದರು. 'ಕ್ಯಾನ್‌ಅಸಿಸ್ಟ್ ಬ್ರೆಸ್ಟ್' ಎಂಬ ಅವರ ಪರೀಕ್ಷೆ, ತೆಗೆದ ಗಡ್ಡೆಯ ತುಣುಕಿನಲ್ಲಿ ಐದು ಪ್ರೋಟೀನುಗಳ ಗುರುತು ನೋಡುತ್ತದೆ. ಅವುಗಳಲ್ಲಿ ಎರಡು, ಜೀವಕೋಶದೊಳಗೆ ಬಂದ ಔಷಧವನ್ನು ಹೊರಗೆ ತಳ್ಳಬಲ್ಲವು. ಹುಲ್ಲಹಳ್ಳಿ ನಾಲೆಯ ನೀರು ಎಷ್ಟು ಹರಿದರೇನು, ಬದು ಒಡೆದ ಗದ್ದೆಯಲ್ಲಿ ನಿಲ್ಲುತ್ತದೆಯೇ? ಗಡ್ಡೆಯ ಗಾತ್ರ, ದರ್ಜೆ, ಕಂಕುಳ ಗ್ರಂಥಿಗಳ ಸ್ಥಿತಿಯನ್ನೂ ಸೇರಿಸಿ, ರೋಗ ಮರುಕಳಿಸುವ ಅಪಾಯ ಹೆಚ್ಚೋ ಕಡಿಮೆಯೋ ಎಂದು ಅಳೆಯುತ್ತಾರೆ. ಕಡಿಮೆಯಿದ್ದರೆ ಕೀಮೋ ಬಿಡುವುದನ್ನು ವೈದ್ಯರು ಯೋಚಿಸಬಹುದು. ಇದು ಎಲ್ಲರಿಗೂ ಅಲ್ಲ. ಆರಂಭದ ಹಂತದ, ಹಾರ್ಮೋನ್ ಪಾಸಿಟಿವ್, ಹರ್-2 ನೆಗೆಟಿವ್ ಆದವರಿಗೆ ಮಾತ್ರ.

ಮೊನ್ನೆ ಊರಿಗೆ ಹೋದಾಗ ಟ್ರಂಕಿನಿಂದ ಹಳೆಯ ವರದಿ ತೆಗೆಸಿ ಓದಿದೆ. ಚಿಕ್ಕವ್ವನದು ಅದೇ ಬಗೆ. ಆಗ ಈ ಪರೀಕ್ಷೆ ಇದ್ದಿದ್ದರೂ ಕೀಮೋ ಬೇಕೆಂದೇ ಹೇಳುತ್ತಿತ್ತೇನೋ. ಆದರೆ ಅವಳ ಪ್ರಶ್ನೆಗೆ ಅವಳದೇ ಗಡ್ಡೆಯಿಂದ ಒಂದು ಉತ್ತರ ಸಿಗುತ್ತಿತ್ತು. ಬಸ್ಸಿನಲ್ಲಿ ನಾನು ಕಿಟಕಿಯಾಚೆ ನೋಡುತ್ತ ಕೂರಬೇಕಿರಲಿಲ್ಲ.