ಹೆಳವನ ಹೊತ್ತಿಗ್ಯಾಗ ಇಲ್ದ ಆಯಿ

ನಿಮ್ಮ ಅವ್ವನ ಅವ್ವನ ಅವ್ವ ಯಾರು? ಹೆಸರು ಹೇಳ್ರಿ ನೋಡಮು. ಮುತ್ಯಾನ ಮುತ್ಯಾನ ಹೆಸರು ಕೇಳಿದ್ರ ಮನ್ಯಾಗ ಯಾರರೆ ಒಬ್ಬರು ಹೇಳ್ತಾರ. ಆಯಿ ಕಡಿಂದು ಕೇಳಿದ್ರ ಎರಡು ತಲಿ ದಾಟಿ ಮುಂದ ಹೋಗಲ್ಲ.

ಪರದೇಶದಾಗಿರೋ ನಮ್ಮ ತಂಗಿ ಮಗಳು ಸಣ್ಣ ನಳಗಿಯಾಗ ಉಗುಳು ಕಳಿಸಿ ಡಿಎನ್‌ಎ ಟೆಸ್ಟ್ ಮಾಡಿಸ್ಕೊಂಡಾಳ. "ದೊಡ್ಡವ್ವಾ, ನಮ್ಮ ಹಿರ್ಯಾರ ಹೆಸರೆಲ್ಲ ಬರದು ಕಳಸು" ಅಂತ ಫೋನ್ ಮಾಡಿದ್ಳು. ಬರಿಲಾಕ ಕುಂತೆ. ಗಂಡಸರವು ಏಳು ತಲಿ ಹೆಸರು ಸಿಕ್ಕವು. ಹೆಂಗಸರವು ಮೂರಕ್ಕ ನಿಂತವು. ಮೂರನೇ ಆಯಿ ಎಲ್ಲಿಂದ ಬಂದಾಕಿ ಅಂತ ಕೇಳಿದ್ರ "ಅಕ್ಕಲಕೋಟ ಕಡಿಯಾಕಿ ಅಂತಿದ್ರು" ಅಂಬೋದಷ್ಟೇ ಉಳದದ. ಹಿಂಗ್ಯಾಕ ಅಂತ ಹುಡುಕಿದಾಗ ತಿಳಿದದ್ದು ಬರದೀನಿ.

ಏಳು ತಲಿ ಹೆಸರು ಸಿಕ್ಕಿದ್ದು ಹೆಳವರಿಂದ. ಹೆಳವ ಅಂದ್ರ ಕಾಲಿಲ್ಲದಾಂವ. ಎತ್ತಿನ ಮ್ಯಾಲ ಕುಂತು, ಕಾಲು ಕಂಬಳಿಯಾಗ ಮುಚ್ಚಿಕೊಂಡು, ಮನಿಮನಿಗಿ ಹೋಗಿ ಆ ಮನೆತನದ ಚರಿತ್ರಿ ಹೇಳ್ತಾರ ಅಂತ 1909ರಾಗ ಅಚ್ಚಾದ ಎಡ್ಗರ್ ಥರ್ಸ್ಟನ್ ಅವರ ಪುಸ್ತಕದಾಗ ಬಳ್ಳಾರಿ ಸೀಮಿ ಹೆಳವರ ಬಗ್ಗೆ ಬರದದ. ನಮ್ಮ ಕಡೀನೂ ರಾಸಿ ಮುಗಿದ ಮ್ಯಾಲ ಬರ್ತಿದ್ರು. ಬೆಡಗು, ಮೂಲ ಊರು, ಯಾರ ಮಗ ಯಾರು, ಯಾವಾಗ ಯಾವೂರು ಬಿಟ್ರು, ಎಲ್ಲಾ ಒಂದೇ ಉಸಿರಿನಾಗ ಹೇಳ್ತಿದ್ರು. ಹೊಸದಾಗಿ ಹುಟ್ಟಿದ ಗಂಡು ಕೂಸಿನ ಹೆಸರು ಹೊತ್ತಿಗ್ಯಾಗ ಬರಕೊಂಡು, ಜ್ವಾಳ, ಬಟ್ಟಿ, ರೊಕ್ಕ ತಗೊಂಡು ಹೋಗ್ತಿದ್ರು. ಆ ಹೊತ್ತಿಗಿ ನಡೆಯೋದು ಅಪ್ಪನಿಂದ ಮಗನಿಗಿ. ಹೆಣ್ಮಗಳು ಲಗ್ನಾಗಿ ಹೋದಳಂದ್ರ ಆಕಿ ಎಳಿ ಅಲ್ಲಿಗಿ ಮುಗೀತು.

ಇನ್ನ ಸರಕಾರದ ಕಾಗದ. 1948ರ ಸೆಪ್ಟೆಂಬರ್ ತನಕ ನಮ್ಮ ಆಳಂದ ಸೀಮಿ ನಿಜಾಮರ ಹೈದರಾಬಾದ್ ಸಂಸ್ಥಾನದಾಗಿತ್ತು. ಆಗಿನ ಹೊಲದ ಕಾಗದ ಉರ್ದುದಾಗ ಇರ್ತಾವ, ವರ್ಷ ಫಸಲಿ ಲೆಕ್ಕದಾಗ ಇರ್ತದ. ಫಸಲಿಗಿ 590 ಕೂಡಿಸಿದ್ರ ನಮ್ಮ ಇಸವಿ ಬರ್ತದ. ಫಸಲಿ 1340 ಅಂದ್ರ 1930-31. ಮನ್ಯಾಗ ಟ್ರಂಕಿನ ತಳದಾಗ ಹಳೇ ಕಾಗದ ಇದ್ರ ಹುಳ ತಿನ್ನೋಕಿಂತ ಮೊದಲು ಫೋಟೋ ತಗೀರಿ, ಉರ್ದು ಬಲ್ಲ ಹಿರ್ಯಾರಿಗಿ ತೋರಸ್ರಿ. ಆದ್ರ ಅದರಾಗೂ ಹೊಲ ಯಾರದೋ ಅವರದೇ ಹೆಸರು. ಹೊಲ ಹೆಂಗಸರ ಹೆಸರಿಲೆ ಎಷ್ಟು ಮನ್ಯಾಗ ಇತ್ತು? ಒಟ್ಟು ಕುಟುಂಬದ ಆಸ್ತಿಯಾಗ ಮಗಳಿಗೂ ಮಗನಷ್ಟೇ ಪಾಲು ಅಂತ ಕರ್ನಾಟಕದಾಗ ಕಾಯ್ದೆ ಬಂದದ್ದೇ 1994ರಾಗ, ಇಡೀ ದೇಶಕ್ಕ 2005ರಾಗ.

ಮತಪಟ್ಟಿ ಕಥಿನೂ ಕೇಳ್ರಿ. ದೇಶದ ಮೊದಲನೇ ಚುನಾವಣಿ 1951-52ರಾಗ ಆಯ್ತು. ಆಗ ಹೆಚ್ಚುಕಡಿಮಿ 28 ಲಕ್ಷ ಹೆಂಗಸರನ್ನ ಪಟ್ಟಿಯಿಂದ ತಗದು ಹಾಕಿದ್ರು. ಯಾಕಂದ್ರ ಅವರು ತಮ್ಮ ಹೆಸರು ಹೇಳ್ದೆ "ಇಂಥವನ ಹೆಂಡ್ತಿ, ಇಂಥವನ ಮಗಳು" ಅಂತಷ್ಟೇ ಬರೆಸಿದ್ರು. ಭಾಳಷ್ಟು ಬಿಹಾರ, ಉತ್ತರ ಪ್ರದೇಶ, ರಾಜಸ್ಥಾನದ ಕಡಿಯವರು. ಖರೇ, ಆದ್ರ ನಮ್ಮ ಆಯಂದಿರನ್ನೂ "ಇಂಥವನ ಅವ್ವ" ಅಂತೇ ಕರೀತಿದ್ರಲ್ಲ. ಕೆಲವು ಮನ್ಯಾಗಂತೂ ಲಗ್ನದಾಗ ಹೆಸರೇ ಬದಲು ಮಾಡ್ತಿದ್ರು.

ನಮ್ಮ ಆಯಿದು ಇನ್ನೊಂದು ತೊಡಕು. ಆಳಂದದಿಂದ ಅಕ್ಕಲಕೋಟ ಏನ್ ದೂರ? ಹೆಣ್ಣು ಕೊಡೋದು ತರೋದು ಮೊದಲಿಂದ ಇತ್ತು. ಆದ್ರ ಆಗ ಈ ಕಡಿ ನಿಜಾಮರ ರಾಜ್ಯ, ಅಕ್ಕಲಕೋಟ ಬ್ಯಾರೆ ಸಂಸ್ಥಾನ, ಸೊಲ್ಲಾಪುರ ಇಂಗ್ಲಿಷರ ಮುಂಬೈ ಪ್ರಾಂತ. ಗಂಡನ ಮನಿ ಕಾಗದ ಉರ್ದು, ತವರಮನಿ ಕಾಗದ ಮರಾಠಿ, ಅದೂ ಮೋಡಿ ಅಕ್ಷರ. ರಜಾಕಾರರ ಗದ್ದಲದಾಗ ಎಷ್ಟೋ ಮಂದಿ ಮನಿ ಮಾರು ಬಿಟ್ಟು ಸೊಲ್ಲಾಪುರ ಕಡಿ ಓಡಿ ಹೋದ್ರು. 1956ರ ನವೆಂಬರ್ 1ಕ್ಕ ನಾವು ಮೈಸೂರು ರಾಜ್ಯಕ್ಕ ಸೇರಿದ್ವಿ, ಅಕ್ಕಲಕೋಟ ಆ ಕಡೀಗೇ ಉಳೀತು. ನಡುವ ಹೋದದ್ದು ಹೆಣ್ಮಕ್ಕಳ ಗುರ್ತು.

ಈಗ ಉಗುಳಿನ ಮಾತು. ನಮ್ಮ ಜೀವಕಣದಾಗ ಮೈಟೊಕಾಂಡ್ರಿಯಾ ಅಂತ ಒಂದು ಅದ, ಅದಕ್ಕ ತಂದೇ ಬ್ಯಾರೆ ಸಣ್ಣ ಡಿಎನ್‌ಎ ಇರ್ತದ. ಅದು ಅವ್ವನಿಂದ ಎಲ್ಲಾ ಮಕ್ಕಳಿಗಿ ಬರ್ತದ, ಆದ್ರ ಮುಂದಿನವರಿಗಿ ದಾಟಸೋಳು ಮಗಳೊಬ್ಬಳೇ. ಗಂಡಸರ ವೈ ಕ್ರೋಮೋಸೋಮ್ ಹೆಳವನ ಹೊತ್ತಿಗಿ ಇದ್ದಂಗ, ಅಪ್ಪನಿಂದ ಮಗನಿಗಿ. ಅವ್ವನ ಎಳಿ ಮಾತ್ರ ಹೊತ್ತಿಗ್ಯಾಗ ಎಲ್ಲೂ ಇಲ್ದಿದ್ರೂ ಮೈಯಾಗ ಅದ. ಉಳಿದ ಡಿಎನ್‌ಎ ತಲಿ ತಲಿಗಿ ಅರ್ಧ ಆಗ್ತಾ ಹೋಗ್ತದ. ಮೂರನೇ ಆಯಿದು ನಮ್ಮಾಗ ಸರಾಸರಿ ಎಂಟಾಣೆಯಲ್ಲ, ಎರಡಾಣೆ ಉಳೀತದ. ಈ ಎಳಿ ಮಾತ್ರ ಹೆಚ್ಚುಕಡಿಮಿ ಇದ್ದಂಗೇ ಬರ್ತದ. ಇದನ್ನ ಕೇಳಿದಾಗ ನನ್ನ ಕಣ್ಣಾಗ ನೀರು ಬಂದವು.

ಆದ್ರ ಆ ಎಳಿ ಹೆಸರು ಹೇಳಲ್ಲ, ಊರು ಹೇಳಲ್ಲ. ಸಾವಿರಾರು ವರ್ಷದ ಹಿಂದಿನ ಒಬ್ಬಾಕಿ ಅವ್ವನ ಗುಂಪು ತೋರಿಸ್ತದ, ಅಕ್ಕಲಕೋಟದ ಮನಿ ತೋರಿಸಲ್ಲ. ಕಂಪನಿಯವರು ಇಷ್ಟು ಪರ್ಸೆಂಟ್ ಅಲ್ಲಿಯವರು, ಇಷ್ಟು ಇಲ್ಲಿಯವರು ಅಂತ ಕೊಡೋದು ತಮ್ಮ ಹತ್ರ ಇದ್ದ ಮಂದಿ ಜೋಡಿ ಹೋಲಿಸಿ. ಹೈದರಾಬಾದ್‌ನ ಸಿಸಿಎಂಬಿ ವಿಜ್ಞಾನಿಗಳು ಹೊರಗಿನವರ ಜೋಡಿ ಸೇರಿ 2009ರಾಗ 25 ಸಮುದಾಯದ 132 ಮಂದಿ ಡಿಎನ್‌ಎ ನೋಡಿ, ನಮ್ಮ ದೇಶದ ಹೆಚ್ಚಿನ ಎಲ್ಲರಾಗೂ ಎರಡು ಹಳೇ ಮೂಲ ಕಲೆತಾವ ಅಂದ್ರು. ನಾವು ಶುದ್ಧ, ಅವರು ಬ್ಯಾರೆ ಅನ್ನೋ ಮಾತಿಗಿ ಅಲ್ಲಿ ಜಾಗ ಇಲ್ಲ.

ಇನ್ನೊಂದು. ನಮ್ಮಲ್ಲಿ ಸೋದರಮಾವಗ, ಅತ್ತಿ ಮಗಗ ಕೊಡೋದು ಇದ್ದದ್ದೇ. ಒಬ್ಬರಿಗೊಬ್ಬರು ಎರಡು ಮೂರು ದಾರಿಲೆ ಬೀಗರು. ಹಿಂಗಾಗಿ ಟೆಸ್ಟಿನಾಗ ದೂರದ ನೆಂಟ್ರೂ ಹತ್ತಿರದವರಂಗ ಕಾಣಿಸ್ತಾರ. ತಂಗಿ ಮಗಳಿಗಿ ಇದನ್ನ ಬಿಡಿಸಿ ಹೇಳಿದೆ. ಮಾಡಿಸೋ ಮುಂಚೆ ಯೋಚಿಸ್ರಿ ಅಂತನೂ ಹೇಳ್ತೀನಿ. ನಿಮ್ಮ ಒಬ್ಬರ ಉಗುಳಿನಾಗ ಅಕ್ಕತಂಗ್ಯಾರು, ಮಕ್ಕಳು ಎಲ್ಲರ ಗುಟ್ಟೂ ಇರ್ತದ. ದತ್ತಕ ತಗೊಂಡ ಮನಿಯವರಿಗಿ ಅದು ಸಣ್ಣ ಮಾತಲ್ಲ. 2023ರಾಗ 23ಆಂಡ್‌ಮಿ ಅನ್ನೋ ಅಮೆರಿಕಾದ ಕಂಪನಿಯಿಂದ ಸುಮಾರು 69 ಲಕ್ಷ ಮಂದಿ ಮಾಹಿತಿ ಕಳ್ಳರ ಕೈಗಿ ಹೋಯ್ತು, 2025ರಾಗ ಆ ಕಂಪನಿನೇ ದಿವಾಳಿ ಅರ್ಜಿ ಹಾಕ್ತು.

ನಮ್ಮ ಆಯಿ ಹೆಸರು ಕೊನೀಗಿ ಸಿಕ್ಕಿದ್ದು ಕಾಗದದಾಗಲ್ಲ, ಟೆಸ್ಟಿನಾಗೂ ಅಲ್ಲ. ತೊಂಬತ್ತು ದಾಟಿದ ನಮ್ಮ ಸೋದರತ್ತಿ ಕೌದಿ ಹೊಲಿಲಾಕತ್ತಿದ್ಳು. ಹಿಂಗೇ ಕೇಳಿದ್ರ, ಸೂಜಿ ನಿಂದ್ರಸ್ದೆ ಹೆಸರು ಹೇಳಿದ್ಳು. "ಆಕಿ ಹೆಸರೇ ನನಗ ಇಟ್ಟಾರಲ್ಲ, ಯಾರೂ ಕೇಳಲಿಲ್ಲ, ನಾ ಹೇಳಲಿಲ್ಲ" ಅಂದ್ಳು.

ಬರೋ ಪಂಚಮಿಗಿ ಹೆಣ್ಮಕ್ಕಳೆಲ್ಲ ತವರಮನಿಗಿ ಬರ್ತೀರಿ. ಉಂಡಿ ಕಟ್ಟಕೋತ ಹಿರ್ಯಾರನ್ನ ಕೇಳ್ರಿ: ಹುಟ್ಟಿದ ಹೆಸರೇನು, ತವರೂರು ಯಾವುದು, ಅವ್ವ ಯಾರು, ಅವ್ವನ ತವರು ಯಾವುದು. ನೋಟಬುಕ್ಕಿನಾಗ ಬರದಿಡ್ರಿ, ಮ್ಯಾಲ ತಾರೀಖು ಹಾಕ್ರಿ. ನಂದು ಐದು ತಲಿ ಆಗ್ಯಾವ. ನಿಮ್ಮವು ಎಷ್ಟು ಆದ್ವು ಹೇಳ್ರಿ.